ಬಿಸ್ಕೀಟು ಗಾಡಿಯ ಡಬಲ್ ಬೆಲ್

ಹೆಬಳೆಯ ತಿಮ್ಮಪ್ಪ ನಾಯ್ಕರು ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನ ಕಂಡಕ್ಟರಾಗಿದ್ದರು. ಅದರಲ್ಲಿ ಹತ್ತೊಂಬತ್ತು ವರ್ಷ ಒಂದೇ ರೂಟು, ಭಟ್ಕಳದಿಂದ ಕುಮಟೆ, ಕುಮಟೆಯಿಂದ ಭಟ್ಕಳ. ಆ ರಸ್ತೆಯ ಒಂದೊಂದು ಹೊಂಡವೂ ಅವರ ಮೊಣಕಾಲಿಗೆ ಪರಿಚಯ. ಕಣ್ಣು ಮುಚ್ಚಿ ನಿಂತರೂ ಬಸ್ಸು ಎತ್ತಿಹಾಕಿದ ರೀತಿಯಲ್ಲೇ ಇದು ಬೈಲೂರು, ಇದು ಕರ್ಕಿ ಎಂದು ಹೇಳುತ್ತಿದ್ದರು. ಆದರೆ ಆ ರಸ್ತೆ ಎದುರಿನಿಂದ ಬರುವುದನ್ನು ಅವರು ನೋಡಿಯೇ ಇರಲಿಲ್ಲ. ಕಂಡಕ್ಟರು ನಿಲ್ಲುವುದು ಜನರ ಕಡೆಗೆ ಮುಖ ಮಾಡಿ. ಅವರಿಗೆ ಗೊತ್ತಿದ್ದದ್ದು ಹಿಂದಕ್ಕೆ ಓಡಿಹೋಗುವ ರಸ್ತೆ. ಐವತ್ತೆಂಟು ದಾಟಿದ ಮೇಲೆ ಸ್ಟೇರಿಂಗ್ ಹಿಡಿದು ಕೂತಾಗ, ಧಾರೇಶ್ವರದ ತಿರುವು ಮುಂದಿನಿಂದ ನೋಡಿದರೆ ಹೀಗಿದೆಯೇ ಎಂದು ಅವರು ಬೆರಗಾಗಿ ಬ್ರೇಕು ಹಾಕಿಬಿಟ್ಟಿದ್ದರು.

ನಮ್ಮ ಮನೆಗೂ ಅವರ ಮನೆಗೂ ನಡುವೆ ದಾಸವಾಳದ ಬೇಲಿ. ನನಗೆ ಅವರು ತಿಮ್ಮಪ್ಪ ಮಾವ. ೧೯೯೯ರ ಮೇ ಕೊನೆಯಲ್ಲಿ ಅವರು ನಿವೃತ್ತರಾಗಿ ಕೊರಳಲ್ಲಿ ಸೇವಂತಿಗೆ ಹಾರ ಹಾಕಿಕೊಂಡು ಮನೆಗೆ ಬಂದರು. ಮರುದಿನದಿಂದ ಬೇಲಿಯಾಚೆ ಗಲಾಟೆ ಶುರುವಾಯಿತು. ಊಟಕ್ಕೆ ಕೂತು ತಟ್ಟೆಗೆ ಚಮಚದಿಂದ ಎರಡು ಸಲ ಬಡಿದರೆ ಅನ್ನ ಬರಬೇಕು, ಒಂದು ಸಲ ಬಡಿದರೆ ಸಾಕು ಎಂದರ್ಥ.

“ಹೋಯ್, ನಾ ಎಂತ ಬಸ್ಸಾ?” ಎಂದು ಮಾದೇವಿ ಅತ್ತೆ ಕೇಳುವುದು ನಮ್ಮ ಅಂಗಳಕ್ಕೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

“ಬಸ್ಸಾಗಿದ್ರೆ ಹೇಳಿದ್ ಕೇಳ್ತಿತ್ತು.”

ಶಿರಾಲಿಯಲ್ಲೊಂದು ಮದುವೆಗೆ ಹೋದಾಗ ಊಟದ ಮನೆಯ ಬಾಗಿಲಲ್ಲಿ ನೂಕುನುಗ್ಗಲು. ತಿಮ್ಮಪ್ಪ ಮಾವ ಬಾಗಿಲ ಚೌಕಟ್ಟು ಹಿಡಿದು ನಿಂತು, “ಮುಂದೆ ಹೋಗಿ, ಮುಂದೆ ಹೋಗಿ, ಮಧ್ಯ ಖಾಲಿ ಅದೆ” ಎಂದರು. ಜನ ಒಂದೇ ಒಂದು ಮಾತಾಡದೆ ಮುಂದೆ ಹೋದರು. ಮದುಮಗನೂ ಹೋದ.

ಹೀಗೆ ಎರಡು ತಿಂಗಳು ಕಳೆದ ಮೇಲೆ ಶುಕ್ರಣ್ಣನ ಸುದ್ದಿ ಬಂತು.

ಮಂಕಿಯ ಶುಕ್ರಣ್ಣ ಅದೇ ಲೋಕಲ್ ಬಸ್ಸಿನ ಡ್ರೈವರು. ಹದಿನೇಳು ವರ್ಷ ತಿಮ್ಮಪ್ಪ ಮಾವ ಬೆಲ್ ಕೊಟ್ಟರು, ಶುಕ್ರಣ್ಣ ಓಡಿಸಿದ. ಇಬ್ಬರೂ ದಿನಕ್ಕೆ ಹತ್ತು ಗಂಟೆ ಒಂದೇ ಬಸ್ಸಿನಲ್ಲಿದ್ದರೂ ಮುಖ ಮುಖ ನೋಡಿಕೊಂಡದ್ದು ಚಾ ಕುಡಿಯುವಾಗ ಮಾತ್ರ. ಶುಕ್ರಣ್ಣ ಎರಡು ವರ್ಷ ಮೊದಲೇ ನಿವೃತ್ತನಾಗಿದ್ದ. ಸಕ್ಕರೆ ಕಾಯಿಲೆ ಮೂತ್ರಪಿಂಡಕ್ಕೆ ಇಳಿದಿತ್ತು. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಕುಮಟೆಯ ಆಸ್ಪತ್ರೆಯಲ್ಲಿ ಮಶೀನಿಗೆ ಮಲಗಿ ರಕ್ತ ತೊಳೆಸಿಕೊಳ್ಳಬೇಕು. ತಪ್ಪಿಸಿದರೆ ಮೈಯಲ್ಲಿ ನೀರು ತುಂಬುತ್ತದೆ, ತಪ್ಪಿಸುತ್ತಲೇ ಹೋದರೆ ಮನುಷ್ಯ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಹೋಗುವಾಗ ಬಸ್ಸಿನಲ್ಲಿ ಹೇಗೋ ಹೋಗುತ್ತಿದ್ದ. ಬರುವಾಗ ಮೈಯಲ್ಲಿ ತ್ರಾಣವಿರುತ್ತಿರಲಿಲ್ಲ. ಒಂದು ಸಂಜೆ ಹೊನ್ನಾವರ ಸ್ಟ್ಯಾಂಡಿನಲ್ಲಿ ಬಸ್ಸಿನ ಮೆಟ್ಟಿಲ ಮೇಲೇ ಕುಸಿದು ಕೂತ. ಅದೇ ಸ್ಟ್ಯಾಂಡಿನಲ್ಲಿ ಎಷ್ಟೋ ಸಾವಿರ ಸಲ ಬಸ್ಸು ತಿರುಗಿಸಿದ ಮನುಷ್ಯ. ಅಂದಿನಿಂದ, “ಸಾಕು, ನಾ ಇನ್ ಹೋಗೂದಿಲ್ಲ” ಎಂದು ಮನೆಯ ಜಗಲಿ ಹಿಡಿದ.

ತಿಮ್ಮಪ್ಪ ಮಾವ ನೋಡಲು ಹೋದಾಗ ಶುಕ್ರಣ್ಣನ ಪಾದ ಊದಿ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ.

“ನಾ ಕರ್ಕೊಂಡು ಹೋಗ್ತೆ” ಎಂದರು ಮಾವ.

“ಎಂತದ್ರಲ್ಲಿ? ಬೆನ್ನ ಮೇಲೆ ಹೊತ್ಕೊಂಡಾ?”

“ಗಾಡೀಲಿ. ನಾನೇ ಓಡಿಸ್ತೆ.”

ಶುಕ್ರಣ್ಣ ಒಂದು ಗಳಿಗೆ ಅವರ ಮುಖ ನೋಡಿದ. ಆಮೇಲೆ ನಗಲು ಶುರುಮಾಡಿದ. ಒಂದು ವಾರದಿಂದ ಮಾತೂ ಆಡದವನ ನಗು ಕೇಳಿ ಅಡಿಗೆಮನೆಯಿಂದ ಸೊಸೆ ಓಡಿಬಂದಳು.

“ನೀನು? ಬೆಲ್ ಹೊಡಿಯೂದು ಬಿಟ್ರೆ ನಿಂಗೆ ಎಂತ ಬರ್ತದೆ ಮಾರಾಯ? ಕಂಡಕ್ಟ್ರು ಓಡಿಸಿದ್ ಗಾಡೀಲಿ ಕೂತು ಸಾಯೂದಕ್ಕಿಂತ ನಾ ಇಲ್ಲೇ ಜಗಲಿ ಮೇಲೆ ಸಾಯ್ತೆ.”

“ಒಂದ್ ತಿಂಗಳು ತಡಿ. ಅಷ್ಟ್ರತನ್ಕ ಬಾಡಿಗೆ ರಿಕ್ಷಾದಲ್ಲಿ ಹೋಗು. ಆಮೇಲೆ ನಾ ಬರ್ತೆ” ಎಂದು ಮಾವ ಎದ್ದೇಬಿಟ್ಟರು.

ಒಂದು ತಿಂಗಳು ನಾಲ್ಕಾಯಿತು. ಭಟ್ಕಳದ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವನು ಸುಧಾಕರ, ಇಪ್ಪತ್ತನಾಲ್ಕರ ಹುಡುಗ. ಅವನಿಗೆ ತಿಮ್ಮಪ್ಪ ಮಾವನ ಮೇಲೆ ಗೌರವ, ತಿಮ್ಮಪ್ಪ ಮಾವನ ಡ್ರೈವಿಂಗ್ ಮೇಲೆ ಭಯ. ಮಾವ ಗಾಡಿ ಹೊರಟ ಕೂಡಲೇ ಕನ್ನಡಿ ನೋಡುತ್ತಿದ್ದರು. ಹಿಂದೆ ಕೂತವರು ಎಷ್ಟು ಜನ, ಯಾರು ನಿಂತಿದ್ದಾರೆ, ಯಾರು ಇಳಿಯಬೇಕು.

“ಮಾವಾ, ಹಿಂದ್ ಕೂತವ್ರ ಮುಖ ಎಂತಕ್ಕೆ ನೋಡ್ತ್ರಿ? ಮುಂದೆ ಎಮ್ಮೆ ಅದೆ!”

“ಎಮ್ಮೆ ನಮ್ ಗಾಡಿ ಹತ್ತೂದಿಲ್ಲ ಮಾರಾಯ.”

“ಹತ್ತೂದಿಲ್ಲ, ನಾವೇ ಅದ್ರ ಮೇಲೆ ಹತ್ತುದು!”

ಒಂದು ವಿಷಯದಲ್ಲಿ ಮಾತ್ರ ಅವರು ಎಲ್ಲರನ್ನೂ ಮೀರಿಸಿದ್ದರು: ಹಿಂದಕ್ಕೆ ತೆಗೆಸುವುದರಲ್ಲಿ. ಬಸ್ಸು ಹಿಂದಕ್ಕೆ ಬರುವಾಗ ಕಂಡಕ್ಟರು ಕೆಳಗಿಳಿದು ಹಿಂದೆ ಹೋಗಿ ನಿಂತು, ಬಸ್ಸಿನ ಮೈಗೆ ಬಡಿಯುತ್ತ “ಬರ್ಲಿ, ಬರ್ಲಿ” ಎಂದು ಕರೆಯಬೇಕು. ಗೋಡೆ ಹತ್ತಿರವಾದಾಗ “ಹೋಲ್ಡನ್” ಎಂದು ಕೂಗಬೇಕು. ಮೂವತ್ತೊಂದು ವರ್ಷ ಹಾಗೆ ಕರೆದವರಿಗೆ ಗಾಡಿಯ ಬೆನ್ನು ಎಲ್ಲಿದೆ ಎಂದು ಅಂಗುಲ ಅಂಗುಲ ಗೊತ್ತು. ಹೊನ್ನಾವರದಲ್ಲಿ ಲೈಸೆನ್ಸಿನ ಪರೀಕ್ಷೆಯ ದಿನ ಸಾಹೇಬರು, “ಹಿಂದಕ್ಕೆ ತಗೊಳ್ಳಿ” ಎಂದರು. ತಿಮ್ಮಪ್ಪ ಮಾವ ಹಿಂದಿನ ಗೇರು ಹಾಕಿದರು. ಹಾಕಿ, ಬಾಗಿಲು ತೆಗೆದು, ಕೆಳಗಿಳಿದು, ಗಂಭೀರವಾಗಿ ಗಾಡಿಯ ಹಿಂದೆ ನಡೆದು ಹೋಗಿ, ಡಿಕ್ಕಿಗೆ ಎರಡು ಸಲ ಬಡಿದು “ಬರ್ಲಿ, ಬರ್ಲಿ” ಎಂದರು.

ಗಾಡಿ ಎಲ್ಲಿಂದ ಬರಬೇಕು? ಎಂಜಿನ್ನು ಒಮ್ಮೆ ಜಗ್ಗಿ ಆರಿಹೋಗಿತ್ತು. ಸಾಹೇಬರು ಖಾಲಿ ಸೀಟನ್ನು ನೋಡುತ್ತ ಒಳಗೇ ಕೂತಿದ್ದರು. ಅವರು ಸಿಟ್ಟಾಗಲಿಲ್ಲವಂತೆ. “ಇಷ್ಟು ವರ್ಷದಲ್ಲಿ ಬೇರೆ ಬೇರೆ ಥರ ಫೇಲಾದವರನ್ನ ನೋಡಿದ್ದೆ. ಇದು ಹೊಸದು” ಎಂದಷ್ಟೇ ಅಂದರಂತೆ. ಮುಂದಿನ ತಿಂಗಳ ಪರೀಕ್ಷೆಗೆ ಮಾದೇವಿ ಅತ್ತೆಯೇ ಜೊತೆಗೆ ಹೋದಳು. “ಇಳಿದ್ರೆ ಮನೆಗೆ ಬರೂದ್ ಬೇಡ” ಎಂದು ಮೊದಲೇ ಹೇಳಿಟ್ಟಿದ್ದಳು. ಮಾವ ಇಳಿಯಲಿಲ್ಲ, ಪಾಸಾದರು.

ಗಾಡಿ ಸಿಕ್ಕಿದ್ದು ಭಟ್ಕಳದ ಒಂದು ಬೇಕರಿಯಿಂದ. ಅಂಗಡಿ ಅಂಗಡಿಗೆ ಖಾರಿ, ಟೋಸ್ಟು, ಬೆಣ್ಣೆ ಬಿಸ್ಕೀಟು ಹಂಚುತ್ತಿದ್ದ ಹಳೆಯ ಓಮ್ನಿ. ಬೇಕರಿಯವರು ಹೊಸದು ಕೊಂಡಿದ್ದರಿಂದ ಇದು ಮೂಲೆಗೆ ಬಿದ್ದಿತ್ತು. ರೋಗಿಗಳಿಗೆ ಎಂದ ಕೂಡಲೇ ಕೀಲಿಕೈ ಕೊಟ್ಟುಬಿಟ್ಟರು. ಒಳಗೆ ಎರಡು ಸೀಟು ಹಾಕಿಸಿ, ತೊಳೆದು, ಮತ್ತೆ ತೊಳೆದು, ಊದುಬತ್ತಿ ಹಚ್ಚಿದರೂ ಬೆಣ್ಣೆ ಬಿಸ್ಕೀಟಿನ ಪರಿಮಳ ಹೋಗಲಿಲ್ಲ. ಅದರಲ್ಲಿ ಕೂತವರಿಗೆ ಕಾಯಿಲೆ ಯಾವುದೇ ಇರಲಿ, ಹತ್ತು ನಿಮಿಷದಲ್ಲಿ ಹಸಿವಾಗುತ್ತಿತ್ತು. ಮಾವ ಗುಜರಿಗೆ ಹೋಗಲಿದ್ದ ಒಂದು ಬಸ್ಸಿನ ಗಂಟೆಯನ್ನು ಬೇಡಿ ತಂದು ಮುಂದೆ ಕಟ್ಟಿದರು. ಅದರ ಹಗ್ಗವನ್ನು ಮಾಡಿನಗುಂಟ ಹಿಂದಿನ ಸೀಟಿನವರೆಗೂ ಎಳೆದರು.

“ಓಮ್ನಿಗೆ ಎಂತಕ್ಕೆ ಗಂಟೆ?” ಎಂದು ಮಾದೇವಿ ಅತ್ತೆ ಕೇಳಿದಳು.

“ಡಬಲ್ ಬೆಲ್ ಬೀಳದೇ ಗಾಡಿ ಹೊರಡೂದು ಹೆಂಗೆ?” ಅವರಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ.

ಮೊದಲ ಮಂಗಳವಾರ ಮಂಕಿಯಲ್ಲಿ ಶುಕ್ರಣ್ಣನ ಮನೆಯೆದುರು ಓಮ್ನಿ ನಿಂತಿತು. ಶುಕ್ರಣ್ಣ ಜಗಲಿಯಿಂದ ಕದಲಲಿಲ್ಲ. ಮಾವ ಅವನನ್ನು ಕರೆಯಲೂ ಇಲ್ಲ. ಗಾಡಿಯ ಬಾಗಿಲು ಸರಿಸಿ, ಅದಕ್ಕೆ ಒರಗಿ ನಿಂತು, ಸ್ಟ್ಯಾಂಡಿನ ದನಿ ತೆಗೆದರು.

“ಕುಮಟಾ ಕುಮಟಾ ಕುಮಟಾ! ಕಾಸರಕೋಡ, ಹೊನ್ನಾವರ, ಕರ್ಕಿ, ಹಳದೀಪುರ, ಧಾರೇಶ್ವರ, ಕುಮಟಾ!”

ಅಕ್ಕಪಕ್ಕದ ಮನೆಗಳಿಂದ ಜನ ಚೀಲ ಹಿಡಿದು ಬಂದರು. ಕರ್ಕಿಗೆ ಹೋಗುವವಳು ಒಬ್ಬಳು, ಹೊನ್ನಾವರ ಪೇಟೆಗೆ ಇಬ್ಬರು, ಬಾಳೆಗೊನೆ ಹೊತ್ತ ಒಬ್ಬ. ಮಾವ ಯಾರನ್ನೂ ಬೇಡ ಎನ್ನಲಿಲ್ಲ. “ಒಳಗೆ ಹೋಗಿ, ಒಳಗೆ ಹೋಗಿ.” ಏಳನೆಯವರು ಹತ್ತುವಾಗ ಅಡಿಯ ಸ್ಪ್ರಿಂಗಿನ ಪಾಟಾ ಬಗ್ಗಿ ಓಮ್ನಿಯ ಹಿಂಭಾಗ ನೆಲದತ್ತ ಕುಸಿಯಿತು. ಶುಕ್ರಣ್ಣನಿಗೆ ಅದನ್ನು ನೋಡಿ ತಡೆಯಲಾಗಲಿಲ್ಲ. ಊದಿದ ಕಾಲಿನಲ್ಲೇ ಅಂಗಳಕ್ಕಿಳಿದು ಬಂದ.

“ಏ ತಿಮ್ಮಪ್ಪ! ಗಾಡಿ ಪಾಟಾ ನೋಡು, ಪಾಟಾ! ಮುರಿದ್ ಹೋಗ್ತದೆ! ಇಳಿರಿ ಎಲ್ಲ, ಇಳಿರಿ!”

ಎಲ್ಲರೂ ಇಳಿದರು. ಶುಕ್ರಣ್ಣ ಬಗ್ಗಿ ಟೈರು ನೋಡಿದ, ಮುಂದಿನ ಬಾಗಿಲು ತೆಗೆದು ಒಳಗಿನದನ್ನೆಲ್ಲ ನೋಡಿದ, ಸುಸ್ತಾಗಿ ಸೀಟಿನ ಮೇಲೆ ಕೂತ. ತಿಮ್ಮಪ್ಪ ಮಾವ ಹೊರಗಿನಿಂದ ಬಾಗಿಲು ಹಾಕಿದರು.

ನಾನು ಆಗ ಹೊನ್ನಾವರದ ಕಾಲೇಜಿಗೆ ಹೋಗುತ್ತಿದ್ದೆ. ಮಂಗಳವಾರ ಮತ್ತು ಶುಕ್ರವಾರ ಹಿಂದಿನ ಸೀಟು ನನಗೆ. ನನ್ನ ಪಕ್ಕದಲ್ಲಿ ಮಂಜಿಯಕ್ಕ. ಅವಳು ಕಾಸರಕೋಡದ ಮೀನುಗಾರರ ಮಗಳು, ಶಿರಾಲಿಯ ಅಳ್ವೆಕೋಡಿಗೆ ಮದುವೆಯಾಗಿ ಬಂದವಳು, ತಲೆಯ ಮೇಲೆ ಮೀನು ಬುಟ್ಟಿ ಹೊತ್ತು ಇಪ್ಪತ್ತು ವರ್ಷ ಅದೇ ಬಸ್ಸು ಹತ್ತಿದವಳು. ಸಕ್ಕರೆಯಿಂದ ಅವಳ ಪಾದದ ಗಾಯ ಮಾಯುತ್ತಿರಲಿಲ್ಲ. ಅದಕ್ಕೆ ಕುಮಟೆಯ ಅದೇ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿಸಿಕೊಳ್ಳಬೇಕು. ಬುಟ್ಟಿಯನ್ನು ಮಾತ್ರ ಬಿಟ್ಟು ಬರುತ್ತಿರಲಿಲ್ಲ. ಬೆಣ್ಣೆ ಬಿಸ್ಕೀಟಿನ ಪರಿಮಳದ ಮೇಲೆ ಬಂಗಡೆಯ ವಾಸನೆ ಬಂದು ಕೂತರೆ ಹೇಗಿರುತ್ತದೆ ಎಂದು ನಾನು ವಿವರಿಸಲಾರೆ. ಒಂದು ವಾರದಲ್ಲಿ ಅದೂ ಅಭ್ಯಾಸವಾಯಿತು.

ಶುಕ್ರಣ್ಣ ಮುಂದಿನ ಎಡ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಇಲ್ಲದ ಬ್ರೇಕು ತುಳಿಯುತ್ತಿದ್ದ. “ಗೇರು! ಗೇರು ಬದಲ್ಸು! ಅದು ಅಳ್ತಾ ಅದೆ, ಕೇಳೂದಿಲ್ಲನಾ?” ಮಾವನ ತೊಂದರೆ ಬೇರೆ. ಪ್ರತಿ ನಿಲ್ದಾಣದಲ್ಲೂ ಗಾಡಿ ನಿಂತರೆ ಅವರಾಗಿ ಹೊರಡಲು ಆಗುತ್ತಿರಲಿಲ್ಲ. ಯಾರಾದರೂ ಎರಡು ಗಂಟೆ ಹೊಡೆಯಬೇಕು. ಹೊಡೆಯದಿದ್ದರೆ ಕೈ ಸ್ಟೇರಿಂಗಿನ ಮೇಲಿಟ್ಟು ಸುಮ್ಮನೆ ಕೂತಿರುತ್ತಿದ್ದರು, ಆರತಿಗೆ ಕಾಯುವವರ ಹಾಗೆ.

“ಶುಕ್ರಣ್ಣ, ನೀ ಒಂಚೂರು ಹಗ್ಗ ಎಳಿ.”

“ನಾ ಡ್ರೈವರ್. ಬೆಲ್ ಹೊಡಿಯೂದು ನನ್ ಕೆಲ್ಸ ಅಲ್ಲ.”

“ಈಗ ನೀ ಪ್ಯಾಸೆಂಜರ್ ಅಲ್ದಾ?”

“ಪ್ಯಾಸೆಂಜರ್ ಹೊಡಿಯೂದು ರೂಲಿಲ್ಲ.”

ಹೊಡೆಯುತ್ತಿದ್ದದ್ದು ಮಂಜಿಯಕ್ಕ. ಹೊಡೆಯುವಾಗೆಲ್ಲ ಹಳೆಯ ಕತೆ ತೆಗೆಯುತ್ತಿದ್ದಳು. ಹನ್ನೆರಡು ವರ್ಷದ ಹಿಂದೆ ಮಂಕಿಯಲ್ಲಿ ಅವಳು ಬುಟ್ಟಿ ಬಸ್ಸಿನ ಮೇಲೆ ಹಾಕಿಸಿ, ವೀಳ್ಯಕ್ಕೆ ಸುಣ್ಣ ಹಚ್ಚಿಕೊಳ್ಳುತ್ತ ಕೆಳಗೆ ನಿಂತಿದ್ದಾಗ ತಿಮ್ಮಪ್ಪ ಮಾವ ಡಬಲ್ ಬೆಲ್ ಕೊಟ್ಟುಬಿಟ್ಟಿದ್ದರು. ಬುಟ್ಟಿ ಹೊನ್ನಾವರಕ್ಕೆ ಹೋಯಿತು, ಅವಳು ಮಂಕಿಯಲ್ಲೇ ಉಳಿದಳು.

“ಕಂಡಕ್ಟ್ರೆ, ಮೀನಿಗೆ ಇದ್ದ ಮರ್ಯಾದಿ ನಂಗಿರ್ಲಿಲ್ಲ ಅಲ್ದಾ?”

“ಹನ್ನೆರ್ಡು ವರ್ಷ ಆತಲ್ಲೇ ಮಾರಾಯ್ತಿ!”

“ಅದು ಕಂಡಕ್ಟ್ರ ತಪ್ಪು” ಎಂದು ಶುಕ್ರಣ್ಣ ತೀರ್ಪು ಕೊಡುತ್ತಿದ್ದ. “ನಂಗೆ ಬೆಲ್ ಬಿತ್ತು, ನಾ ಹೊರಟೆ. ಬೆಲ್ ಕೊಡೂವಾಗ ಹಿಂದೆ ನೋಡ್ಬೇಕು. ಎಷ್ಟ್ ಸುಲಭದ ಕೆಲ್ಸ! ಅಷ್ಟೂ ಆಗ್ಲಿಲ್ಲ ಇವ್ನ ಹತ್ರ.” ಆಮೇಲೆ ಮೆಲ್ಲಗೆ ತಿರುಗಿ ಮಂಜಿಯಕ್ಕನನ್ನು ನೋಡುತ್ತಿದ್ದ. ಹದಿನೇಳು ವರ್ಷ ಅವಳ ದನಿ ಕೇಳಿದ್ದ, ಬುಟ್ಟಿಯ ವಾಸನೆಯಿಂದ ಅವಳು ಹತ್ತಿದ್ದು ಗೊತ್ತಾಗುತ್ತಿತ್ತು. ಅವಳ ಮೂಗಿನ ಬಲಗಡೆ ಒಂದು ಮಚ್ಚೆಯಿದೆ ಎಂದು ಅವನಿಗೆ ತಿಳಿದದ್ದು ಓಮ್ನಿಯಲ್ಲಿ.

ಆ ಡಿಸೆಂಬರಿನ ಒಂದು ಮಂಗಳವಾರ ಬಂದ್ ಇತ್ತು. ಗಾಡಿಗಳು ಓಡಲಿಲ್ಲ, ಶುಕ್ರಣ್ಣನ ಸರದಿ ತಪ್ಪಿತು. ಶುಕ್ರವಾರ ಅವನು ಹತ್ತುವಾಗ ಮುಖ ಬಾತಿತ್ತು, ಒಂದೊಂದು ಮಾತಿಗೂ ಉಸಿರು ಸಾಲುತ್ತಿರಲಿಲ್ಲ. ಗೇರಿನ ಬಗ್ಗೆ ಅವನು ಏನೂ ಹೇಳದ್ದರಿಂದ ನಾವೆಲ್ಲ ಹೆದರಿದೆವು. ಹನ್ನೊಂದು ಗಂಟೆಗೆ ಮಶೀನು. ಆ ಹೊತ್ತಿಗೆ ಬರದಿದ್ದರೆ ಮುಂದಿನವರಿಗೆ ಹೋಗುತ್ತದೆ, ಮತ್ತೆ ಸೋಮವಾರದವರೆಗೆ ಜಾಗವಿಲ್ಲ ಎಂದು ಆಸ್ಪತ್ರೆಯವರು ಹೇಳಿದ್ದರು. ಸೋಮವಾರದವರೆಗೆ ಕಾಯುವ ಸ್ಥಿತಿಯಲ್ಲಿ ಅವನಿರಲಿಲ್ಲ.

ಒಂಬತ್ತೂವರೆಗೆ ಕಾಸರಕೋಡ ದಾಟಿ ಶರಾವತಿ ಸೇತುವೆಗೆ ಬಂದೆವು. ಬಿಸಿಲು ನೀರಿನ ಮೇಲೆ ಚೆಲ್ಲಿತ್ತು. ಕಾಲುಭಾಗ ಸೇತುವೆ ದಾಟಿರಬೇಕು, ಮುಂದಿನ ಗಾಡಿಗಳು ನಿಂತವು. ಎದುರಿನಿಂದ ಓಡುತ್ತ ಬಂದವನೊಬ್ಬ ಹೇಳಿದ: ನಡುವೆ ಲಾರಿಯ ಆಕ್ಸೆಲ್ ಮುರಿದು ಅಡ್ಡ ನಿಂತಿದೆ, ಪಕ್ಕದಲ್ಲಿ ಇನ್ನೊಂದು ಲಾರಿ ಸಿಕ್ಕಿಹಾಕಿಕೊಂಡಿದೆ, ಮಧ್ಯಾಹ್ನದವರೆಗೆ ದಾರಿ ಇಲ್ಲ, ಎಲ್ಲರೂ ಹಿಂದಕ್ಕೆ ಹೋಗಿ. ನಮ್ಮ ಹಿಂದೆ ಬಂದಿದ್ದ ಎರಡು ಕಾರುಗಳು ಆಗಲೇ ಹಿಂದಕ್ಕೆ ಸರಿಯತೊಡಗಿದ್ದವು.

“ತಿರುಗ್ಸು ಮನೆಗೆ” ಎಂದ ಶುಕ್ರಣ್ಣ. “ಸಾಕು ತಿಮ್ಮಪ್ಪ. ನೀ ಮಾಡೂದು ಮಾಡ್ದೆ.”

“ನಮ್ ಜಟ್ಟ ಕೆಳಗೇ ಇದ್ದಾ!” ಎಂದಳು ಮಂಜಿಯಕ್ಕ. ಅವಳು ಕಿಟಕಿಯಿಂದ ನದಿ ನೋಡುತ್ತಿದ್ದಳು. ಕಾಸರಕೋಡದ ದಡದಲ್ಲಿ ಅವಳ ತಮ್ಮ ಜಟ್ಟ ದೋಣಿಯ ಪಕ್ಕ ಬಲೆ ಹರಡಿಕೊಂಡು ಕೂತಿದ್ದ. “ದೋಣೀಲಿ ದಾಟಿದ್ರೆ ಹತ್ತು ನಿಮಿಷ. ಆಚೆ ಬದಿ ಬಸ್ಸು ಸಿಗ್ತದೆ. ಗಾಡಿ ಹಿಂದೆ ತೆಗೀರಿ ಕಂಡಕ್ಟ್ರೆ!”

ಮಾವ ಹಿಂದಿನ ಗೇರು ಹಾಕಿದರು. ಕನ್ನಡಿ ನೋಡಿದರು. ಎಡಕ್ಕೆ ಸೇತುವೆಯ ಕಟಾಂಜನ, ಕೆಳಗೆ ನದಿ, ಬಲಕ್ಕೆ ಮುಂಗಾಣದೆ ಮುನ್ನುಗ್ಗಿದ ಟೆಂಪೋಗಳು. ಬೇಕರಿಯವರು ಹಿಂದಿನ ಗಾಜಿಗೆ ಅಂಟಿಸಿದ್ದ ಬಿಸ್ಕೀಟಿನ ಚಿತ್ರ ಹಾಗೇ ಇದ್ದದ್ದರಿಂದ ಹಿಂದೆ ಕಾಣಿಸುತ್ತಿದ್ದದ್ದು ಅರ್ಧಂಬರ್ಧ. ಆಮೇಲೆ, ನಾನು ನನ್ನ ಕಣ್ಣಾರೆ ಕಂಡೆ, ಅವರ ಕೈ ತಾನಾಗಿ ಬಾಗಿಲಿನ ಹಿಡಿಕೆಗೆ ಹೋಯಿತು.

“ಇಳಿಬೇಡಿ!” ಎಂದು ಮಂಜಿಯಕ್ಕ ಹಿಂದಿನಿಂದ ಅವರ ಅಂಗಿಯ ಕಾಲರು ಹಿಡಿದಳು. “ಇಳಿದ್ರೆ ನೋಡಿ ಮತ್ತೆ!”

“ಹಿಂದೆ ಯಾರಾದ್ರೂ ಬೇಕಲ್ಲೇ... ಬರ್ಲಿ ಹೇಳ್ಲಿಕ್ಕೆ ಒಬ್ರು ಬೇಕು... ಇಲ್ದಿದ್ರೆ ನಂಗೆ ಆಗೂದಿಲ್ಲ...”

ನಾವು ಹಿಂದೆ ಸರಿಯಲೆಂದು ಮುಂದಿನ ಕಾರಿನವನು ಹಾರನ್ನು ಒತ್ತುತ್ತಲೇ ಇದ್ದ. ಶುಕ್ರಣ್ಣ ಮುಂದಿನ ಬಾಗಿಲು ತೆಗೆದು ಇಳಿದ. ಗಾಡಿಯ ಮೈ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಹಿಂದಕ್ಕೆ ಬಂದ. ಹಿಂದಿನ ಬಾಗಿಲನ್ನು ಮೇಲಕ್ಕೆತ್ತಿ, ನನ್ನ ಕಾಲೇಜಿನ ಚೀಲವನ್ನೂ ಮಂಜಿಯಕ್ಕನ ಬುಟ್ಟಿಯನ್ನೂ ಬದಿಗೆ ಸರಿಸಿ, ಕಾಲು ಹೊರಗೆ ಇಳಿಬಿಟ್ಟು ಕೂತ. ಬೆನ್ನು ನಮ್ಮ ಕಡೆಗೆ, ಮುಖ ಬಂದ ದಾರಿಯ ಕಡೆಗೆ. ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡ. ಆಮೇಲೆ ಅಂಗೈಯಿಂದ ಗಾಡಿಯ ತಗಡಿಗೆ ಎರಡು ಸಲ ಬಡಿದ.

“ಬರ್ಲಿ.”

ಓಮ್ನಿ ಹಿಂದಕ್ಕೆ ಸರಿಯಿತು.

“ಬರ್ಲಿ, ಬರ್ಲಿ... ಬಲಕ್ ಒಡಿ... ಸಾಕು, ಸೀದಾ... ಬರ್ಲಿ...” ಅವನ ದನಿಗೆ ಎಲ್ಲಿಂದ ಬಲ ಬಂತೋ. “ಏ ಟೆಂಪೋ, ಆಚೆ ಹೋಗಾ! ಪೇಶಂಟ್ ಗಾಡಿ ಕಾಣೂದಿಲ್ಲನಾ?” ಪೇಶಂಟು ತಾನೇ ಎಂಬುದು ಅವನಿಗೆ ನೆನಪಿದ್ದಂತೆ ಕಾಣಲಿಲ್ಲ. ಮಾವ ಕನ್ನಡಿಯನ್ನು ನೋಡುವುದನ್ನೇ ಬಿಟ್ಟಿದ್ದರು. ದನಿ ಹೇಳಿದ ಕಡೆಗೆ ಸ್ಟೇರಿಂಗು ತಿರುಗುತ್ತಿತ್ತು. ಓಮ್ನಿ ಹಿಂದಕ್ಕೆ ಹರಿಯುತ್ತಿತ್ತು, ಮುಂದಕ್ಕೆ ಎಂದೂ ಅಷ್ಟು ನಯವಾಗಿ ಹೋದದ್ದಿಲ್ಲ. ನದಿಯ ಮೇಲ್ಗಡೆ ಇನ್ನೊಂದು ಸೇತುವೆಯ ಮೇಲೆ ರೈಲೊಂದು ಸರಸರನೆ ದಾಟಿಹೋಯಿತು.

“ಅದ್ಕೆಂತ” ಎಂದ ಶುಕ್ರಣ್ಣ, “ಹಳಿ ಮೇಲೆ ಯಾರ್ ಬೇಕಾದ್ರೂ ಓಡಿಸ್ತ್ರು. ಬರ್ಲಿ, ಬರ್ಲಿ... ಹೋಲ್ಡನ್!”

ಕಾಸರಕೋಡದ ಬದಿಯ ಮಣ್ಣಿನಲ್ಲಿ ಓಮ್ನಿ ನಿಂತಿತು. ಮಂಜಿಯಕ್ಕ ಆಗಲೇ ದಡದ ಕಡೆಗೆ ಕೂಗುತ್ತಿದ್ದಳು. “ಜಟ್ಟಾ! ಬಲೆ ಬಿಸಾಕು! ದೋಣಿ ಎಳಿ!”

ಜಟ್ಟ ಶುಕ್ರಣ್ಣನನ್ನು ಕೈಯಲ್ಲೆತ್ತಿ ದೋಣಿಯಲ್ಲಿ ಕೂರಿಸಿದ. ಬಲೆಯ ಗಂಟು ಬೆನ್ನಿಗೆ ದಿಂಬಾಯಿತು. ಎಲ್ಲರೂ ಕೂತೆವು. ಜಟ್ಟ ಎಂಜಿನ್ನಿನ ಹಗ್ಗ ಹಿಡಿದು, “ಹೊರಡೂದಾ?” ಎಂದು ಕೇಳಿದ.

“ರೈಟ್!” ಎಂದರು ಇಬ್ಬರೂ ಒಟ್ಟಿಗೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶುಕ್ರಣ್ಣ ನದಿಯ ಕಡೆಗೆ ತಿರುಗಿಬಿಟ್ಟ.

ಸೇತುವೆಯ ಕೆಳಗೆ ದೋಣಿ ಹೋಗುವಾಗ ಅವನು ಕತ್ತೆತ್ತಿ ನೋಡಿದ. ಮೇಲೆ ಸಾಲುಗಟ್ಟಿ ನಿಂತ ಲಾರಿಗಳ ಚಕ್ರ, ಹಾರನ್ನು, ಬೈಗಳು. ಕೆಳಗೆ ಕಂಬಗಳ ನಡುವೆ ತಂಪು ನೆರಳು, ನೀರಿನ ಗುಳುಗುಳು. “ಇಷ್ಟ್ ವರ್ಷ ಇದ್ರ ಮೇಲೆ ಓಡಿಸ್ದೆ” ಎಂದ. “ಕೆಳಗೆ ಇಷ್ಟ್ ಚಂದ ಅದೆ ಹೇಳಿ ಗೊತ್ತೇ ಇರ್ಲಿಲ್ಲ.” ಮಂಜಿಯಕ್ಕ ನಗತೊಡಗಿದಳು. ಅವಳು ಯಾಕೆ ನಕ್ಕಳೋ ಗೊತ್ತಿಲ್ಲ, ನಾವೆಲ್ಲರೂ ನಕ್ಕೆವು. ದೋಣಿ ಅಲುಗಾಡಿತು. “ಸುಮ್ನೆ ಕೂರ್ರೊ, ಮಗುಚ್ತದೆ” ಎಂದು ಜಟ್ಟ ಬೈದ. ಅವನೂ ನಗುತ್ತಿದ್ದ.

ಹೊನ್ನಾವರ ಬಂದರಿನಿಂದ ಸ್ಟ್ಯಾಂಡಿಗೆ ರಿಕ್ಷಾ, ಸ್ಟ್ಯಾಂಡಿನಿಂದ ಕುಮಟೆಯ ಲೋಕಲ್ಲು. ನಾನು ಆ ದಿನ ಕಾಲೇಜಿಗೆ ಹೋಗಲಿಲ್ಲ. ಬಸ್ಸಿನ ಡ್ರೈವರು ಶುಕ್ರಣ್ಣನನ್ನು ನೋಡಿದ ಕೂಡಲೇ ಸೀಟಿನಿಂದ ಎದ್ದು ನಿಂತ. ಅವನು ಬಸ್ಸು ತಿರುಗಿಸಲು ಕಲಿತದ್ದು ಶುಕ್ರಣ್ಣನ ಹತ್ತಿರವಂತೆ. ಕರ್ಕಿಯಲ್ಲಿ ನಿಲ್ಲಿಸಲಿಲ್ಲ, ಹಳದೀಪುರದಲ್ಲಿ ನಿಲ್ಲಿಸಲಿಲ್ಲ. ಇಳಿಯಬೇಕಾದವರಿಗೆ ಕಂಡಕ್ಟರು, “ಆಸ್ಪತ್ರೆಗೆ ಹೋಗಿ ಬಂದು ಇಳಿಸ್ತೆ, ಕೂರಿ” ಎಂದ. ಜನ ಕೂತರು. ಕೆಲವರು ಕಿಟಕಿಯಿಂದ ಕೈಬೀಸಿ ಎದುರಿನ ಗಾಡಿಗಳನ್ನು ಬದಿಗೆ ಸರಿಸಿದರು.

ಹನ್ನೊಂದಕ್ಕೆ ನಾಲ್ಕು ನಿಮಿಷ ಇರುವಾಗ ಸರ್ಕಾರಿ ಬಸ್ಸೊಂದು ಆಸ್ಪತ್ರೆಯ ಅಂಗಳಕ್ಕೆ ಬಂದು ನಿಂತಿತು. ಒಳಗೆ ಮಂದಿ, ಮುಂದೆ ಶುಕ್ರಣ್ಣ. ಬಾಗಿಲಲ್ಲಿದ್ದ ನರ್ಸಮ್ಮ ಅಷ್ಟೂ ಜನರನ್ನು ನೋಡಿ, “ಇಷ್ಟು ಮಂದಿಗೆ ನಮ್ಮಲ್ಲಿ ಮಶೀನಿಲ್ಲ” ಎಂದಳು.

“ಒಬ್ಬಂಗೇ” ಎಂದರು ತಿಮ್ಮಪ್ಪ ಮಾವ. “ಉಳಿದವ್ರೆಲ್ಲ ಹಳದೀಪುರ.”

ನಾಲ್ಕು ಗಂಟೆಯ ಮೇಲೆ ಶುಕ್ರಣ್ಣ ಹೊರಗೆ ಬಂದಾಗ ಮುಖದ ಬಾವು ಇಳಿದಿತ್ತು, ಕಣ್ಣು ಕಾಣಿಸುತ್ತಿತ್ತು. ಬಾಗಿಲಲ್ಲಿ ನಿಂತು ಮಾವನನ್ನು ಕೇಳಿದ ಮೊದಲ ಮಾತು, “ಗಾಡಿ ಕಾಸರಕೋಡದಲ್ಲಿ ಲಾಕ್ ಮಾಡಿದ್ಯಾ?” ಮಾಡಿರಲಿಲ್ಲ. ಕೀಲಿಕೈ ಗಾಡಿಯಲ್ಲೇ ಇತ್ತು. ಸಂಜೆ ಹೋಗಿ ನೋಡಿದರೆ ಜಟ್ಟ ಅದರೊಳಗೆ ಕಾಲು ಚಾಚಿ ನಿದ್ದೆಮಾಡುತ್ತಿದ್ದ. ಎದ್ದವನೇ, “ಇದ್ರಲ್ಲಿ ಎಲ್ಲೋ ಬಿಸ್ಕೀಟ್ ಅದೆ, ಹುಡುಕಿ ಸಾಕಾತು” ಎಂದ.

ಮುಂದಿನ ಮಂಗಳವಾರ ನಾವು ಮಂಕಿಗೆ ಹೋದಾಗ ಶುಕ್ರಣ್ಣ ಜಗಲಿಯಲ್ಲಿರಲಿಲ್ಲ. ರಸ್ತೆಯ ಬದಿಗೆ ಬಂದು ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ, ಕೊರಳಲ್ಲಿ ದಾರಕ್ಕೆ ಕಟ್ಟಿದ ಒಂದು ಹೊಸ ಸೀಟಿ. ಮಾವ ಮುಂದಿನ ಬಾಗಿಲು ತೆಗೆದರು. ಅವನು ಅದನ್ನು ಹಾಕಿದ.

“ನಾ ಹಿಂದೆ ಕೂರ್ತೆ.”

“ಮತ್ತೆ ಗೇರು ಯಾರು ಹೇಳೂದು?”

“ಗೇರು ನೀ ನೋಡ್ಕೊ. ಹಿಂದಿನ್ ಕೆಲ್ಸ ನಿಂಗೆ ಮೊದ್ಲಿಂದ್ಲೂ ಸರಿ ಬರ್ತಿರ್ಲಿಲ್ಲ. ಅದನ್ನ ನಾ ನೋಡ್ತೆ.”

ಬಂದು ಬಾಗಿಲ ಪಕ್ಕದ ಸೀಟಿನಲ್ಲಿ ಕೂತ. ನನಗೆ, “ಒಳಗೆ ಸರಿ ತಂಗಿ, ಮಧ್ಯ ಖಾಲಿ ಅದೆ” ಎಂದ. ಸರಿಯಲು ಜಾಗ ಇರಲಿಲ್ಲ, ಆದರೂ ಸರಿದೆ. ಕೈ ಮೇಲೆತ್ತಿ ಹಗ್ಗ ಹಿಡಿದ. ಮುಂದೆ ತಿಮ್ಮಪ್ಪ ಮಾವ ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟು, ಕನ್ನಡಿ ನೋಡದೆ, ಎದುರಿನ ರಸ್ತೆಯನ್ನೇ ನೋಡುತ್ತ ಕಾಯುತ್ತಿದ್ದರು.

ಶುಕ್ರಣ್ಣ ಸೀಟಿ ಊದಿದ. ಎರಡು ಸಲ ಹಗ್ಗ ಎಳೆದ. “ರೈಟ್!”

ಓಮ್ನಿ ಚಿಮ್ಮಿ ಹೊರಟಿತು. ಬಾಗಿಲ ಗಾಳಿಗೆ ಶುಕ್ರಣ್ಣನ ಬಾಚಿದ ತಲೆ ಕೆದರಿತು. ಹಾಲಿನಂಗಡಿ ದಾಟಿದೆವು, ಶಾಲೆ ದಾಟಿದೆವು. ನನಗೆ ಪಕ್ಕದಲ್ಲಿ ಏನೋ ಕಡಿಮೆಯಾದಂತೆ ಅನಿಸಿತು. ನೋಡಿದರೆ ಬುಟ್ಟಿ ಇತ್ತು.

“ಶುಕ್ರಣ್ಣ, ಮಂಜಿಯಕ್ಕ ಎಲ್ಲಿ?”

ಅವಳು ಶುಕ್ರಣ್ಣನ ಸೊಸೆಗೆ ಎರಡು ಬಂಗಡೆ ಕೊಟ್ಟು ಬರಲು ಇಳಿದಿದ್ದಳು. ಹಿಂದೆ ರಸ್ತೆಯ ನಡುವೆ, ಒಂದು ಕೈಯಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು, ಇನ್ನೊಂದು ಕೈಯನ್ನು ಆಕಾಶಕ್ಕೆ ಬೀಸುತ್ತ ಅವಳು ಬರುತ್ತಿದ್ದಳು. ಪಟ್ಟಿ ಕಟ್ಟಿದ ಕಾಲು ಸಾಕಷ್ಟು ಚುರುಕಾಗಿಯೇ ಓಡುತ್ತಿತ್ತು. ಅವಳ ಬಾಯಿಂದ ಬರುತ್ತಿದ್ದ ಮಾತುಗಳಲ್ಲಿ ಕೊಂಕಣಿ ಎಷ್ಟು, ಕನ್ನಡ ಎಷ್ಟು ಎಂದು ಆ ದೂರದಿಂದ ತಿಳಿಯಲಿಲ್ಲ.

ಮುಂದೆ ತಿಮ್ಮಪ್ಪ ಮಾವನ ಭುಜ ಕುಲುಕತೊಡಗಿತು. “ಬೆಲ್ ಕೊಡೂವಾಗ” ಎಂದರು, ನಗುವಿನ ನಡುವೆ ಮಾತು ಹೊರಡದೆ, “ಬೆಲ್ ಕೊಡೂವಾಗ ಹಿಂದೆ ನೋಡ್ಬೇಕು, ಶುಕ್ರಣ್ಣ...”

ಶುಕ್ರಣ್ಣ ಒಂದು ಸಲ ಹಗ್ಗ ಎಳೆದ. ಗಾಡಿ ನಿಂತಿತು. ಅವನು ಬಾಗಿಲು ಪೂರ್ತಿ ಸರಿಸಿ ತಲೆ ಹೊರಗೆ ಹಾಕಿ, ಹತ್ತಿರವಾಗುತ್ತಿದ್ದ ಮಂಜಿಯಕ್ಕನನ್ನು ನೋಡಿದ. ಆಮೇಲೆ ಮೆಲ್ಲಗೆ ಒಳಗೆ ಬಂದು ನನ್ನ ಹಿಂದೆ ಅಡಗಿ ಕೂತ.